ಸಮುದ್ರದ ಎದುರು ಹಾಡಿದ ಈಸ್ಟರ್

ಇವತ್ತು ಟ್ರಂಕು ತೆಗೆದಾಗ ಹಳೇ ಬಿಳಿ ಸೀರೆಯಿಂದ ನುಸಿಗುಳಿಗೆಯ ವಾಸನೆ ಬಂತು. ವಿಶಾಖಪಟ್ಟಣದ ನಮ್ಮ ಚರ್ಚಿನ ಹುಡುಗಿಯರ ಹಾಡಿನ ಗುಂಪು, ಅಂದರೆ ಕಾಯರ್, ಹಬ್ಬಕ್ಕೆ ಉಡುತ್ತಿದ್ದ ಸೀರೆ ಅದು.

ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಆಗ ಇದ್ದದ್ದು ಸಿಟ್ಟು, ದೊಡ್ಡ ಗಂಟಲು. ಹಾಡು ಕಲಿಸುತ್ತಿದ್ದ ಸುಗುಣಾ ಆಂಟಿ ಬಳ್ಳಾರಿಯಿಂದ ಮದುವೆಯಾಗಿ ಬಂದವರು. ವರ್ಷವಿಡೀ ನನ್ನನ್ನು ಹಿಂದಿನ ಸಾಲಿಗೆ ತಳ್ಳಿದರು.

"ಏಮೇ, ನಿನ್ ಗಂಟ್ಲೇನು ಮೈಕ್ ಸೆಟ್ಟಾ? ಮೆಲ್ಲಕ ಹಾಡಮ್ಮಾ!"

ಕ್ರಿಸ್‌ಮಸ್ಸಿಗೆ ಬರೀ ತುಟಿ ಆಡಿಸು ಅಂದರು. ಈಸ್ಟರ್ ಮುಗಿಸಿ ಕಾಯರ್ ಬಿಟ್ಟೇಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡಿದ್ದೆ.

ಈಸ್ಟರ್ ಆರಾಧನೆ ಸೂರ್ಯ ಹುಟ್ಟುವ ಹೊತ್ತಿಗೆ ಬೀಚಿನಲ್ಲಿ. ಅಲೆಗಳ ಅಬ್ಬರಕ್ಕೆ ಒಬ್ಬರ ಹಾಡು ಇನ್ನೊಬ್ಬರಿಗೆ ಕೇಳಿಸದೆ ಎಲ್ಲರ ತಾಳವೂ ತಪ್ಪಿತು. ಆಂಟಿ ನನ್ನ ರಟ್ಟೆ ಹಿಡಿದು ಮುಂದಕ್ಕೆ ಎಳೆದರು.

"ಈಗ ಹಾಡೇ! ಎಷ್ಟು ಜೋರು ಬರುತ್ತೋ ಅಷ್ಟೂ!"

ವರ್ಷದ ಸಿಟ್ಟೆಲ್ಲ ಸೇರಿಸಿ ಹಾಡಿದೆ. ನನ್ನ ದನಿ ಹಿಡಿದುಕೊಂಡು ಅಷ್ಟೂ ಹುಡುಗಿಯರ ದನಿ ಎದ್ದಿತು. ಅದೇ ಹೊತ್ತಿಗೆ ನೀರಿನಿಂದ ಕೆಂಪಗೆ ಸೂರ್ಯನೂ ಎದ್ದ. ಅವನನ್ನು ನಾವೇ ಕರೆದೆವು ಅನ್ನಿಸಿ ಮೈ ಜುಮ್ಮೆಂದಿತು. ಕಾಯರ್ ಬಿಡುವ ಮಾತು ಮತ್ತೆ ನೆನಪಾಗಲಿಲ್ಲ.

ಇವತ್ತು ಸೀರೆ ಹಿಡಿದು ಆ ಹಾಡನ್ನೇ ಹಾಡುತ್ತಿದ್ದೆ. "ಅಮ್ಮಾ, ಮೆಲ್ಲಗೆ! ಪಕ್ಕದ್ಮನೆಯವ್ರಿಗೆ ಕೇಳ್ಸುತ್ತೆ," ಅಂದಳು ಮಗಳು.

ಎದ್ದು ಕಿಟಕಿ ತೆರೆದೆ.