ಬಾಗಿಲ ಹೊರಗೆ ನಿಂತ ನೀರಿನವಳು

ನೀರಿನವಳು ದ್ರೋಹಿಯಲ್ಲ. ಅವಳು ಬಾಗಿಲು ಹಾಕಿದ್ದು ಓಡಿಹೋಗುವುದಕ್ಕಲ್ಲ, ಒಳಗಿದ್ದ ನಾಲ್ವರು ಸುಟ್ಟುಹೋಗಬಾರದೆಂದು. ಆ ಕಾಮಿಕ್ಸ್ ಸಂಚಿಕೆಯಲ್ಲಿ ನಡೆದದ್ದು ಇಷ್ಟೆ. ಮುಂದೆ ಬರೆದವರು ಕಥೆಯನ್ನು ಎತ್ತ ತಿರುಗಿಸಿದರೂ ನನ್ನ ಮಾತು ಬದಲಾಗಿಲ್ಲ.

ಮಗನನ್ನು ಬ್ಯಾಂಕಿನವರು ಸೂರತ್ತಿಗೆ ವರ್ಗ ಮಾಡಿದಾಗ ನಾನೂ ಜೊತೆಗೆ ಹೋಗಿದ್ದೆ. ಧಾರವಾಡದ ಕಡೆಯವಳು ನಾನು. ನಾಲ್ಕನೇ ಇಯತ್ತೆಯ ಕನ್ನಡ ಬಿಟ್ಟರೆ ಬೇರೆ ಅಕ್ಷರ ಬಾರದು. ಅಲ್ಲಿನ ಅಡಾಜಣ್ ಬಡಾವಣೆಯಲ್ಲಿ ನಾಲ್ಕು ಮಹಡಿಯ ಕಟ್ಟಡ, ತೀರ ಕೆಳಗಿನ ಮನೆ ನಮ್ಮದು. ಮೊಮ್ಮಗಳಿಗೆ ಆಗ ಹತ್ತು ವರ್ಷ. ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಕಾಲುಭಾಗ ಗುಜರಾತಿ. ಉಳಿದ ಕಾಲುಭಾಗ ನನಗಾಗಿ.

ಕಟ್ಟಡದಲ್ಲಿ ಅವಳ ಓರಗೆಯ ಮಕ್ಕಳು ಇನ್ನೂ ನಾಲ್ವರಿದ್ದರು. ಐವರಿಗೂ ಸೇರಿ ತಿಂಗಳಿಗೊಂದು ಹಿಂದಿ ಕಾಮಿಕ್ಸ್. ಅದರಲ್ಲೂ ಐದು ಜನರ ತಂಡ: ಹಾರುವ ನಾಯಕ, ಕಲ್ಲಿನ ಮೈಯವನು, ಮಿಂಚಿನ ಹಾಗೆ ಓಡುವ ಅವಳಿ ಜವಳಿ, ಬೇಕಾದಾಗ ನೀರಾಗುವ ಹೆಂಗಸು. ಮಕ್ಕಳು ಒಬ್ಬೊಬ್ಬರು ಒಂದೊಂದು ವೇಷ ಹಂಚಿಕೊಂಡಿದ್ದರು. ಕಟ್ಟಡಕ್ಕೆ ಕಡೆಗೆ ಬಂದವಳು ನನ್ನ ಮೊಮ್ಮಗಳು, ಆದ್ದರಿಂದ ಯಾರಿಗೂ ಬೇಡವಾಗಿದ್ದ ನೀರಿನವಳು ಅವಳ ಪಾಲಿಗೆ ಬಂದಳು. ಬಂದ ಮೇಲೆ ಅವಳು ಬಿಟ್ಟುಕೊಡಲಿಲ್ಲ. ಸ್ನಾನದ ಮನೆಯಲ್ಲಿ ಬಕೆಟ್ಟಿನ ಜೊತೆ ಮಾತಾಡುತ್ತಿದ್ದಳು.

ಪುಸ್ತಕ ಮೇಲಿನ ಮಹಡಿಯಿಂದ ದಿನಕ್ಕೊಂದು ಮನೆಯಂತೆ ಇಳಿದು ಬಂದು ನಮ್ಮಲ್ಲಿ ಉಳಿಯುತ್ತಿತ್ತು. ಭಾನುವಾರ ಸಂಜೆ ಐವರೂ ಕೆಳಗಿನ ಬಾಂಕಡಾ ಎಂಬ ಸಿಮೆಂಟಿನ ಬೆಂಚಿನ ಮೇಲೆ ಸಾಲಾಗಿ ಕೂತು ಅಭಿಪ್ರಾಯ ಹೇಳಬೇಕು. ಇನ್ನೊಂದು ಕಟ್ಟಳೆ: ಪುಸ್ತಕದಲ್ಲಿ ಏನಾಯಿತೋ ಮುಂದಿನ ಸಂಚಿಕೆಯವರೆಗೆ ಆಟದಲ್ಲೂ ಅದೇ. ಒಮ್ಮೆ ಕಲ್ಲಿನವನ ಕೈ ಮುರಿದಿತ್ತು. ಎರಡನೇ ಮಹಡಿಯ ಹುಡುಗ ತಿಂಗಳಿಡೀ ತಾಯಿಯ ದುಪಟ್ಟಾದಲ್ಲಿ ಕೈ ತೂಗುಹಾಕಿಕೊಂಡು ತಿರುಗಿದ.

ಮೊಮ್ಮಗಳು ನನಗೂ ಓದಿ ಹೇಳುತ್ತಿದ್ದಳು. ನಾನು ಪಾಪಡಿ ಅವರೆ ಸುಲಿಯುತ್ತ ಕೇಳುತ್ತಿದ್ದೆ. ಮೊದಮೊದಲು ಅವಳ ಸಮಾಧಾನಕ್ಕೆ, ಆಮೇಲೆ ನನಗೇ ಬೇಕಾಗಿ. ಹಾರುವ ನಾಯಕನನ್ನು ಕಂಡರೆ ನನಗಾಗದು. ಯಾವಾಗ ನೋಡಿದರೂ ಸೊಂಟದ ಮೇಲೆ ಕೈ. ಬೆನ್ನಿಗೆ ಜೋತುಬಿದ್ದ ಆ ಬಟ್ಟೆಯನ್ನು ಕೆಲಸ ಮಾಡುವಾಗಲಾದರೂ ಸಿಕ್ಕಿಸಿಕೊಳ್ಳಬಾರದೆ? ನೀರಿನವಳು ಹಾಗಲ್ಲ. ಬಂದಳು, ಮಾಡಿದಳು, ಹೋದಳು.

ದೀಪಾವಳಿ ರಜೆ ಶುರುವಾಗುವ ಹೊತ್ತಿಗೆ ಬಂತು ಆ ಸಂಚಿಕೆ. ಊರಿನ ಕೆಳಗೆ ಬೆಂಕಿ ಬಿದ್ದ ಸುರಂಗ, ಸುರಂಗದೊಳಗೊಂದು ಕೋಣೆ, ಕೋಣೆಗೆ ಕಬ್ಬಿಣದ ಬಾಗಿಲು. ಕಡೇ ಪುಟದಲ್ಲಿ ನೀರಿನವಳು ಹೊರಗೆ, ನಾಲ್ವರು ಒಳಗೆ. ಬಾಗಿಲು ಮುಚ್ಚಿದೆ. "ಗದ್ದಾರ್! ನಮ್ಮನ್ನು ಕೂಡಿಹಾಕಿ ಓಡಿಹೋದಳು!" ಎಂದು ನಾಯಕ ಕೂಗುತ್ತಾನೆ. ಗದ್ದಾರ್ ಅಂದರೆ ದ್ರೋಹಿ. ಅಲ್ಲಿಗೆ ಪುಸ್ತಕ ಮುಗಿಯಿತು.

ಭಾನುವಾರ ಸಂಜೆ ಮೊಮ್ಮಗಳು ಬೇಗನೆ ಒಳಗೆ ಬಂದು ಗೋಡೆಗೆ ಮುಖಮಾಡಿ ಕೂತಳು.

"ಯಾಕ ಹಂಗ ಕುಂತಿ?"

"ಅಜ್ಜಿ, ನಾನು ಗದ್ದಾರ್ ಅಂತೆ. ಟೀಮ್‌ನಿಂದ ಬಾಹರ್. ದೀದಿ ಬೋಲಿ."

ದೀದಿ ಎಂದರೆ ನಾಲ್ಕನೇ ಮಹಡಿಯ ಹನ್ನೆರಡು ವರ್ಷದ ಹುಡುಗಿ. ಹಾರುವ ನಾಯಕನ ವೇಷ ಅವಳದು, ಅಧಿಕಾರವೂ ಅವಳದೇ. ತಂಡದಿಂದ ಹೊರಗೆ ಹಾಕಿದವಳೂ ಅವಳೇ.

"ಹೋಗ್ಲಿ ಬಿಡು, ಆಟ ಅದು" ಎಂದೆ. ಹಾಗನ್ನಬಾರದಿತ್ತು.

"ನಿಮಗೆ ಆಟ! ಪೂರಾ ಛುಟ್ಟಿ ನಾನು ಯಾರ ಜೊತೆ ಆಡಲಿ? ನಿಮ್ಮ ಜೊತೆ?"

"ನನ್ನ ಜೋಡಿ ಆಡಿದರ ಏನು ಕೊಂಬು ಮೂಡತಾವು?"

"ನಿಮಗೆ ಓಡೋಕೂ ಬರಲ್ಲ!"

ಅದು ನಿಜ. ಮೂರು ವಾರದ ರಜೆ, ಕಿಟಕಿಯ ಹೊರಗೇ ಬಾಂಕಡಾ, ಅಲ್ಲಿ ನಾಲ್ಕೇ ಮಕ್ಕಳು. ಇವಳು ಒಳಗೆ ಕೂತು ನೋಡಬೇಕು. ಊಟಕ್ಕೆ ಕರೆದರೆ ಬರಲಿಲ್ಲ. ಜೋಳದ ರೊಟ್ಟಿಗೆ ಬೆಣ್ಣೆ ಸವರಿ ಮುಂದೆ ಇಟ್ಟೆ, ತಟ್ಟೆ ಸರಿಸಿದಳು.

ನಾನು ಪುಸ್ತಕ ತೆಗೆದುಕೊಂಡು ಟ್ಯೂಬ್‌ಲೈಟಿನ ಕೆಳಗೆ ಕೂತೆ. ಹಿಂದಿ ಓದಲು ಬಾರದವಳಿಗೆ ನೋಡುವುದಕ್ಕೆ ಚಿತ್ರ ಮಾತ್ರ. ಕಡೇ ಪುಟ ನೋಡಿದೆ, ಅದರ ಹಿಂದಿನದು ನೋಡಿದೆ, ಮತ್ತೆ ಕಡೇ ಪುಟಕ್ಕೆ ಬಂದೆ.

"ಇಲ್ಲಿ ಬಾ. ಬೆಂಕಿ ಯಾ ಕಡೆ ಐತಿ?"

ಅವಳು ಕೂತಲ್ಲಿಂದಲೇ "ಸುರಂಗದಲ್ಲಿ" ಎಂದಳು.

"ಬಾಗಿಲದ ಒಳಗೋ ಹೊರಗೋ? ಕಣ್ಣು ಬಿಟ್ಟು ನೋಡು."

ಎದ್ದು ಬಂದಳು. ನೀರಿನವಳ ಬೆನ್ನ ಹಿಂದೆ ಗೋಡೆಯೆಲ್ಲ ಕೆಂಪಗಾಗಿತ್ತು. ಕೋಣೆಯೊಳಗೆ ತಣ್ಣನೆಯ ನೀಲಿ. ಚಿಲಕ ಹೊರಗಿತ್ತು, ಅವಳ ಕೈ ಚಿಲಕದ ಮೇಲಿತ್ತು.

"ಓಡಿಹೋಗಾಕಿ ಬೆಂಕಿ ಕಡೆ ನಿಂತು ಬಾಗಿಲಾ ಹಾಕತಾಳೇನು? ತಂಪಿನಾಗ ಕುಂತವರು ಬೈಯಾಕತ್ತಾರ, ಸುಡಾಕತ್ತಾಕಿ ಸುಮ್ಮನದಾಳ."

"ಅವಳದು ಬಲೂನೇ ಇಲ್ಲ ಅಜ್ಜಿ" ಎಂದಳು. ಚಿತ್ರದಲ್ಲಿ ಮಾತು ಬರೆಯುವ ಬಿಳಿ ಗುಳ್ಳೆಗೆ ಮಕ್ಕಳು ಬಲೂನ್ ಎನ್ನುತ್ತಿದ್ದರು.

"ಬಾಯಿ ಬಿಡಾಕ ಹೊತ್ತೆಲ್ಲಿ ಐತಿ ಆಕಿಗೆ?"

ನನ್ನ ಅಭಿಪ್ರಾಯ ಕೇಳಿದರೆ, ಆ ಸಂಚಿಕೆಯ ಚಿತ್ರ ಬರೆದವನು ಬಲ್ಲವನು, ಮಾತು ಬರೆದವನು ಬಾಯಿಬಡುಕ. ಮಕ್ಕಳು ಗುಳ್ಳೆಯಿಂದ ಗುಳ್ಳೆಗೆ ಹಾರಿ ಓದಿ ಮುಗಿಸಿದ್ದರು. ಬೆಂಕಿ ಯಾವ ಕಡೆ ಇದೆಯೆಂದು ಯಾರೂ ನೋಡಿರಲಿಲ್ಲ.

ಮೊಮ್ಮಗಳು ಪುಟವನ್ನು ಮೂಗಿನವರೆಗೆ ತಂದು ನೋಡಿದಳು. ಆಮೇಲೆ ತಟ್ಟೆ ಎಳೆದುಕೊಂಡು ಎರಡು ರೊಟ್ಟಿ ತಿಂದಳು. "ಆದರೆ ದೀದಿ ನನ್ನ ಮಾತು ಮಾನೋದಿಲ್ಲ. ಗದ್ದಾರ್ ಸುಳ್ಳು ಬೋಲ್ತೀ ಹೈ ಅಂತಾಳೆ. ನೀವೇ ಹೇಳಿ."

"ನನಗ ಎಲ್ಲಿ ಬರತೈತಿ ಹಿಂದಿ?"

"ಬೆರಳು ಇದೆಯಲ್ಲ" ಎಂದಳು, ಬೆಣ್ಣೆ ನೆಕ್ಕುತ್ತ.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ಮೊಣಕಾಲು ಹಿಡಿದುಕೊಂಡು ನಾಲ್ಕು ಮಹಡಿ ಹತ್ತಿದೆ. ಮೊಮ್ಮಗಳು ಒಂದು ಮೆಟ್ಟಿಲು ಹಿಂದೆ. ಬಾಗಿಲು ತೆಗೆದವಳು ನಾಯಕಿಯೇ. ಬಾಯಲ್ಲಿ ಬ್ರಷ್ಷು, ಗಲ್ಲದ ಮೇಲೆ ನೊರೆ. "ಬಾ, ಆಪ್?" ಎಂದಳು. ಅಲ್ಲಿ ಅಜ್ಜಿಯರನ್ನು ಬಾ ಎಂದು ಕರೆಯುತ್ತಾರೆ. ಕಡೇ ಪುಟ ತೆರೆದು ಅವಳ ಕೈಗೆ ಕೊಟ್ಟೆ. ಮೊದಲು ಬೆಂಕಿಯ ಮೇಲೆ ಬೆರಳಿಟ್ಟೆ, ಆಮೇಲೆ ಚಿಲಕದ ಮೇಲೆ. "ದೇಖೋ" ಎಂದೆ, ನನಗೆ ಬರುತ್ತಿದ್ದ ನಾಲ್ಕು ಹಿಂದಿ ಮಾತಿನಲ್ಲಿ ಅದೊಂದು. ಅವಳ ಬ್ರಷ್ಷು ನಿಂತಿತು. ನಾನು ಅವರ ಹೊಸ್ತಿಲ ಪಕ್ಕದ ಮೆಟ್ಟಿಲ ಮೇಲೆ ಕೂತೆ. ಆ ಹುಡುಗಿ ಬಾಯಿ ಮುಕ್ಕಳಿಸಿ ಬಂದು, ಮೊಮ್ಮಗಳಿಗೆ "ಚಲ್, ಸಬ್ ಕೋ ಬುಲಾ" ಎಂದು ಎಲ್ಲರನ್ನೂ ಕರೆತರಲು ಹೇಳುವವರೆಗೆ ಏಳಲಿಲ್ಲ.