ಅಪ್ಪ ಕುಣಿದ ಮೆಮೊರಿ ಕಾರ್ಡ್

ನನ್ನ ಮದುವೆಯ ದಿನ ಅಪ್ಪ ಕುಣಿದರು. ಅದನ್ನು ನಾನು ನೋಡಲಿಲ್ಲ. ಭದ್ರಾವತಿಯ ಕಲ್ಯಾಣ ಮಂಟಪದ ಒಳಕೋಣೆಯಲ್ಲಿ ಮೂವರು ಅತ್ತೆಯರು ನನ್ನನ್ನು ಕಂಬದ ಹಾಗೆ ನಿಲ್ಲಿಸಿ ಸೀರೆಗೆ ಪಿನ್ನು ಚುಚ್ಚುತ್ತಿದ್ದರು. ಹೊರಗೆ ಗಂಡಿನ ದಿಬ್ಬಣ ಬಂತು, ತಮಟೆ ಶುರುವಾಯಿತು. ಎದುರುಗೊಳ್ಳಲು ತೆಂಗಿನಕಾಯಿ ಹಿಡಿದು ನಿಂತಿದ್ದ ಅಪ್ಪ ಕಾಯಿ ಸಮೇತ ಕುಣಿದುಬಿಟ್ಟರಂತೆ. ಶಿವಮೊಗ್ಗದ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಸಂಸ್ಕೃತ ಕಲಿಸಿದ, ನಗು ಬಂದರೆ ಶಲ್ಯ ಅಡ್ಡ ಹಿಡಿಯುವ ನನ್ನ ಅಪ್ಪ!

ಊಟದ ಪಂಕ್ತಿಯಲ್ಲಿ ಎಲ್ಲರೂ ಅದನ್ನೇ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಫೋನಿನಲ್ಲಿ ಹಿಡಿದಿದ್ದೀರಾ ಎಂದು ಕೇಳಿದರೆ ಮಾತ್ರ ಮುಖ ಸಣ್ಣದು ಮಾಡಿಕೊಂಡರು. ನಮ್ಮ ಕಡೆಯವರಲ್ಲಿ ಅರ್ಧ ಜನ ಅಪ್ಪನ ಹಳೆಯ ವಿದ್ಯಾರ್ಥಿಗಳು. ಕುಣಿತ ಮುಗಿದ ಮೇಲೆ ಅಪ್ಪ ಒಬ್ಬೊಬ್ಬರ ಎದುರು ಹೋಗಿ ನಿಂತು "ಅಳ್ಸು" ಎಂದಿದ್ದರು. ತಲೆ ನರೆತ ಡಾಕ್ಟರು, ವಕೀಲರೆಲ್ಲ ಎದ್ದು ನಿಂತು ಅಳಿಸಿದ್ದರು. ಗಂಡಿನ ಕಡೆಯವರಂತೂ ಎಲ್ಲರೂ ಕುಣಿಯುತ್ತಿದ್ದರು, ಫೋನು ಹಿಡಿಯಲು ಯಾರಿಗೂ ಕೈ ಬಿಡುವಿರಲಿಲ್ಲ. ಆಮೇಲೆ ಮನೆಯಲ್ಲಿ ಅಪ್ಪನನ್ನೇ ಕೇಳಿದೆ. "ಜನ ನೂಕಿದ್ರು, ಕಾಲು ಎತ್ತಿಟ್ಟೆ, ಅಷ್ಟೇ" ಎಂದು ಪೇಪರು ಬಿಡಿಸಿಕೊಂಡರು. ನನಗೆ ಹೊಟ್ಟೆ ಉರಿದುಹೋಯಿತು. ಇಡೀ ಮಂಟಪ ನೋಡಿದ್ದನ್ನು ಮದುಮಗಳೊಬ್ಬಳೇ ನೋಡಿಲ್ಲವೆಂದರೆ ಅದೆಂಥ ನ್ಯಾಯ?

ಉಳಿದದ್ದು ವಿಡಿಯೊದವನ ಕ್ಯಾಮೆರಾ. ಅವನು ಅಪ್ಪನ ಶಿಷ್ಯನಲ್ಲ, ಭದ್ರಾವತಿಯವನು. ವಾರದ ನಂತರ ಅವನ ಫೋನು ಬಂತು.

"ಅಕ್ಕಾ, ಬೈಬೇಡಿ. ದಿಬ್ಬಣದ ಕಾರ್ಡು ಶರ್ಟು ಜೇಬಲ್ಲೇ ಇತ್ತು. ವಾಷಿಂಗ್ ಮಷೀನಿಗೆ ಹೋಗ್ಬಿಡ್ತು."

ಧಾರೆ ಬೇರೆ ಕಾರ್ಡಿನಲ್ಲಿ ಕ್ಷೇಮವಾಗಿತ್ತು. ಆದರೂ ಬೈದೆ, ಮನಸಾರೆ ಬೈದೆ. ಆಮೇಲೆ ಮಧ್ಯಾಹ್ನದೊಳಗೆ ಕಾರ್ಡು ತಂದುಕೊಡು ಎಂದೆ. ಸತ್ತ ಪೆನ್‌ಡ್ರೈವು, ಮೆಮೊರಿ ಕಾರ್ಡುಗಳಿಂದ ಮಾಹಿತಿ ಹೊರತೆಗೆಯುವುದೇ ನನ್ನ ಕಸುಬು. ಶಿವಮೊಗ್ಗದಲ್ಲಿ ಮಹಡಿ ಮೇಲೊಂದು ಪುಟ್ಟ ಅಂಗಡಿ ಇದೆ. ಶಂಕರಘಟ್ಟದ ವಿಶ್ವವಿದ್ಯಾಲಯದಿಂದ ಪ್ರಬಂಧ ಕಳೆದುಕೊಂಡು ಅಳುತ್ತ ಬರುವ ಸಂಶೋಧಕರೇ ನನ್ನ ಅನ್ನದಾತರು. ಈ ಸಲ ಗಿರಾಕಿ ನಾನೇ.

ಮರುದಿನ ಬೆಳಗ್ಗೆಯೇ ಕಾರ್ಡಿನ ಕಪ್ಪು ಹೊದಿಕೆ ಕೆರೆದು, ಒಳಗಿನ ಬಿಂದುಗಳಿಗೆ ಕೂದಲೆಳೆಯಂಥ ವೈರುಗಳನ್ನು ಬೆಸೆದೆ. ಕಾರ್ಡಿನ ಮಿದುಳು ಸುಟ್ಟಿತ್ತು, ನೆನಪು ಇತ್ತು. ಇನ್ನು ಬೇಕಾದದ್ದು ಸಮಯ ಹೊಂದಿಸುವುದು. ನನ್ನ ಯಂತ್ರ ಒಂದು ವೈರಿನಲ್ಲಿ "ಕೊಡು" ಎಂಬ ಮಿಡಿತ ಕಳಿಸುತ್ತದೆ. ಕಾರ್ಡಿನೊಳಗಿನ ನೆನಪಿನ ಚಿಪ್ ಸ್ವಲ್ಪ ತಡೆದು ಉತ್ತರವನ್ನು ಉಳಿದ ವೈರುಗಳಲ್ಲಿ ಇಡುತ್ತದೆ, ಇಟ್ಟು ತಕ್ಷಣ ಬದಲಿಸುತ್ತದೆ. ಭದ್ರಾವತಿಯ ಪ್ರೈವೇಟ್ ಬಸ್ಸುಗಳು ಮಲವಗೊಪ್ಪದ ಸ್ಟಾಪಿನಲ್ಲಿ ನಿಂತಂತೆ ಮಾಡಿ ಹೋಗುವ ಹಾಗೆ. ತಲೆಯೆತ್ತಿದ್ದು ಬೇಗವಾದರೆ ಹಿಂದಿನ ಬಸ್ಸಿನ ಬೋರ್ಡು ಕಾಣುತ್ತದೆ, ತಡವಾದರೆ ಮುಂದಿನದ್ದು. ಸರಿಯಾದ ಕ್ಷಣ ಹುಡುಕಲು ಕೇಳುವುದಕ್ಕೂ ಓದುವುದಕ್ಕೂ ನಡುವಿನ ವಿಳಂಬವನ್ನು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸುತ್ತ, ಪರದೆಯ ಮೇಲೆ ತಪ್ಪುಗಳ ಸಂಖ್ಯೆ ನೋಡುತ್ತ ಹೋಗಬೇಕು.

ಹನ್ನೊಂದನೇ ಮೆಟ್ಟಿಲಲ್ಲಿ ರಾಶಿ ತಪ್ಪು. ಹನ್ನೆರಡರಲ್ಲೂ ರಾಶಿ ತಪ್ಪು. ಸರಿಯಾದ ಕ್ಷಣ ಅವೆರಡರ ನಡುವೆ ಎಲ್ಲೋ ಕೂತು ನನ್ನನ್ನು ಅಣಕಿಸುತ್ತಿತ್ತು, ಯಂತ್ರಕ್ಕೆ ಅರ್ಧ ಮೆಟ್ಟಿಲು ಗೊತ್ತಿಲ್ಲ. ರೇಗಿ, ವಕ್ರವಾಗಿ ನಿಂತಿದ್ದ ಮಿಡಿತದ ವೈರನ್ನು ಬೆರಳಿನಿಂದ ಒತ್ತಿದೆ. ತಪ್ಪುಗಳು ಸೊನ್ನೆಯಾದವು! ಬೆರಳು ತೆಗೆದೆ, ರಾಶಿ. ಇಟ್ಟೆ, ಸೊನ್ನೆ. ನನ್ನ ಮೈ ತಾಗಿದ್ದಕ್ಕೆ ಮಿಡಿತ ಕೂದಲೆಳೆಯಷ್ಟು ತಡವಾಗಿ, ಸರಿಯಾದ ಕ್ಷಣಕ್ಕೆ ಬಂದು ಬೀಳುತ್ತಿತ್ತು. ಕುರ್ಚಿಯಲ್ಲಿ ಕೂತಲ್ಲೇ ಕೇಕೆ ಹಾಕಿದೆ. ಪಕ್ಕದ ಟೈಲರು ಬಾಗಿಲಲ್ಲಿ ಇಣುಕಿ ನೋಡಿ ಹೋದರು.

ಆದರೆ ಕಾರ್ಡು ಪೂರ್ತಿ ಓದಲು ಮೂರು ಗಂಟೆ ಬೇಕು. ಅಷ್ಟು ಹೊತ್ತು ಬೆರಳು ಹಿಡಿದು ಕೂರುವುದೇ? ಇದಕ್ಕೆಂದೇ ಹಾಕುವ ಸಣ್ಣ ಬಿಡಿಭಾಗ ಅಂಗಡಿಯಲ್ಲಿರಲಿಲ್ಲ, ತರಿಸಿದರೆ ನಾಲ್ಕು ದಿನ. ನಾಲ್ಕು ದಿನ ಯಾರು ಕಾಯುತ್ತಾರೆ? ನಾಣ್ಯ ಇಟ್ಟೆ, ಆಗಲಿಲ್ಲ. ಒದ್ದೆ ಹತ್ತಿ ಇಟ್ಟೆ, ಊಹೂಂ. ಬೆಳಗಿನ ತಿಂಡಿಯ ಡಬ್ಬಿಯಿಂದ ಒಂದು ತುಂಡು ಇಡ್ಲಿ ಇಟ್ಟೆ. ಸೊನ್ನೆ! ಇಡ್ಲಿ ಹತ್ತು ನಿಮಿಷ ನಿಷ್ಠೆಯಿಂದ ದುಡಿಯಿತು, ಆಮೇಲೆ ಫ್ಯಾನಿನ ಗಾಳಿಗೆ ಒಣಗಿ ಕೈಕೊಟ್ಟಿತು. ಫ್ಯಾನು ಆರಿಸಿ ಮತ್ತೆ ಬೆರಳಿಟ್ಟೆ.

ಒಂದು ಗಂಟೆ ಕಳೆಯುವಷ್ಟರಲ್ಲಿ ಕೈ ಜೋಮು ಹಿಡಿದು ನಡುಗತೊಡಗಿತು. ನಡುಗಿದಾಗೆಲ್ಲ ತಪ್ಪು. ಅಷ್ಟರಲ್ಲಿ ದಿನದಂತೆ ಊಟದ ಕ್ಯಾರಿಯರು ಹಿಡಿದು ಅಪ್ಪ ಬಂದರು. ಏನು ಎತ್ತ ಎನ್ನದೆ ಕೂಗಿದೆ.

"ಅಪ್ಪಾ, ಇಲ್ಲಿ ಬೆರಳಿಡಿ. ಬೇಗ!"

"ಕೈ ತೊಳ್ಕೊಂಡು ಬರ್ತೀನಿ ಇರೇ."

"ಬೇಡ ಮಾರಾಯ್ರೇ, ಇಡಿ!"

ಇಟ್ಟರು. ದಿನಾ ಪ್ರಾಣಾಯಾಮಕ್ಕೆ ಮೂಗು ಹಿಡಿದು ಪಳಗಿದ ಉಂಗುರಬೆರಳು, ಒಂದಿಷ್ಟೂ ಅಲುಗಲಿಲ್ಲ. ಸೊನ್ನೆ, ಸೊನ್ನೆ, ಸೊನ್ನೆ. ನಾನು ಅವರ ಎದುರೇ ಕೂತು ಅನ್ನ, ಸಾರು ಕಲಸಿಕೊಂಡು ಉಂಡೆ. ಬಿದ್ದಿದ್ದ ಇಡ್ಲಿಯ ಕಥೆ ಹೇಳಿದೆ. ಅನ್ನವನ್ನು ಹೀಗೆಲ್ಲ ಉಪಯೋಗಿಸಬಾರದೆಂದು ಬೈದರು, ಬೈಯುವಾಗಲೂ ಬೆರಳು ಕದಲಲಿಲ್ಲ. ಒಂದು ಗಂಟೆ ಹಾಗೇ ಕೂತ ಮೇಲೆ ಕೇಳಿದರು.

"ಯಾರದ್ದೇ ಇದು? ಏನಿದೆ ಇದ್ರಲ್ಲಿ?"

ಸುಳ್ಳು ಹೇಳಬಹುದಿತ್ತು. ಅಪ್ಪನ ಎದುರು ನನಗೆ ಈ ವಯಸ್ಸಿನಲ್ಲೂ ಸುಳ್ಳು ಬರುವುದಿಲ್ಲ.

"ನಂದೇ. ನೀವು ಕುಣಿದಿದ್ದು."

ಆ ಬೆರಳನ್ನೇ ನೋಡಿದೆ. ಈಗ ಎತ್ತುತ್ತಾರೆ, ಎತ್ತಿ ಕ್ಯಾರಿಯರು ತೆಗೆದುಕೊಂಡು ಮೆಟ್ಟಿಲಿಳಿಯುತ್ತಾರೆ ಎಂದುಕೊಂಡೆ. ನಿಜಕ್ಕೂ ಹೆದರಿದ್ದೆ. ಅಪ್ಪ ಪರದೆ ನೋಡಿದರು, ನನ್ನನ್ನು ನೋಡಿದರು.

"ಇನ್ನೆಷ್ಟು ಹೊತ್ತು?"

"ಒಂದು ಗಂಟೆ."

"ಸರಿ" ಎಂದು ಎಡಗೈಯಿಂದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಓದು ಮುಗಿದ ಮೇಲೆ ಚೂರುಗಳನ್ನು ಜೋಡಿಸಲು ಮತ್ತೂ ಸಮಯ ಹಿಡಿಯಿತು. ಅಪ್ಪ ಮನೆಗೆ ಹೋಗಲಿಲ್ಲ. ಸಂಜೆಯ ಕಾಫಿಯ ಹೊತ್ತಿಗೆ ಚಿತ್ರ ಓಡಿತು. ತಮಟೆಯವರ ನಡುವೆ ಶಲ್ಯ ಸೊಂಟಕ್ಕೆ ಬಿಗಿದು, ತೆಂಗಿನಕಾಯಿಯನ್ನು ತಲೆಯ ಮೇಲೆತ್ತಿ, ಅಪ್ಪ! ಕಾಲೆತ್ತಿಟ್ಟದ್ದಂತೆ! ಹಾರುತ್ತಿದ್ದರು. ನಾನು ಮೇಜು ಬಡಿದು ನಕ್ಕೆ, ಬಿಕ್ಕಳಿಕೆ ಬರುವಷ್ಟು ನಕ್ಕೆ. ಆಗ ಚಿತ್ರದಲ್ಲಿ ಅಪ್ಪ ಮಂಟಪದ ಬಾಗಿಲ ಕಡೆ ತಿರುಗಿ, ತಮಟೆಯನ್ನೂ ಮೀರಿಸಿ ಕೂಗಿದರು. "ಅವ್ಳನ್ನ ಕರೀರೋ! ನನ್ನ ಮಗಳನ್ನ ಕರೀರಿ! ಬೇಗ, ಆಮೇಲೆ ನನ್ನ ಕೈಲಾಗಲ್ಲ!"

ಬಾಗಿಲಿನಿಂದ ಯಾರೂ ಬರಲಿಲ್ಲ. ಅಪ್ಪ ಇನ್ನೂ ಸ್ವಲ್ಪ ಹೊತ್ತು ಅತ್ತಲೇ ನೋಡುತ್ತ ಕುಣಿದು, ನಿಂತರು.

ಚಿತ್ರ ನಿಲ್ಲಿಸಿ ಅಪ್ಪನ ಕಡೆ ತಿರುಗಿದೆ.

"ಎರಡು ಸಲ ಹೇಳಿ ಕಳ್ಸಿದ್ದೆ. ಪಿನ್ನು ಹಾಕ್ತಿದೀವಿ ಅಂದ್ರಂತೆ" ಎಂದರು ಅಪ್ಪ. ಅವರ ಕಣ್ಣು ಪರದೆಯ ಮೇಲೇ ಇತ್ತು. "ನೀನೇ ನೋಡ್ಲಿಲ್ಲ. ಊರವರು ಯಾಕೆ ಇಟ್ಕೋಬೇಕು ಅದನ್ನ?"

ನನಗೆ ಅಳು ಬಂತು. ಮದುವೆಯ ದಿನ ಕಳಿಸಿಕೊಡುವಾಗಲೂ ಅಷ್ಟು ಅತ್ತಿರಲಿಲ್ಲ.

"ಈಗ ನೋಡಿದ್ನಲ್ಲ" ಎಂದೆ.

"ಹಾಗಾದ್ರೆ ಕಳ್ಸು ಎಲ್ರಿಗೂ" ಎಂದು ಅಪ್ಪ ಕನ್ನಡಕ ಒರೆಸಿಕೊಂಡರು. "ಮೊದಲು ಆ ಡಾಕ್ಟರಿಗೆ ಕಳ್ಸು. ಪಾಪ, ಅಳಿಸುವಾಗ ಕೈ ನಡುಗ್ತಿತ್ತು ಅವನಿಗೆ."