ಎರಡು ಕಿಲೊ ಕಮ್ಮಿ

ಬೊಜ್ಜು ಇಳಿಸಲು ಸರಕಾರ ಏನು ಮಾಡಬೇಕೆಂದು ದೊಡ್ಡವರಿಗೆ ಬರೆದುಕೊಡುವುದು ನನ್ನ ಕೆಲಸ. ನನ್ನ ಗಾತ್ರ ನೋಡಿ ಜನ ಒಳಗೊಳಗೇ ನಗುತ್ತಾರೆ, ನಗಲಿ. ಪುರಾವೆಯಿಲ್ಲದೆ ಮಾತಾಡುವವರನ್ನು ಕಂಡರೆ ಮಾತ್ರ ನನಗೆ ಮೈ ಉರಿಯುತ್ತದೆ.

ಸೇಡಂನ ಆರೋಗ್ಯ ಸಮಿತಿಯ ಅಧ್ಯಕ್ಷರಿಗೆ ಉದ್ಯಾನಗಳಲ್ಲಿ ವ್ಯಾಯಾಮದ ಯಂತ್ರ ಹಾಕಿಸುವ ಆಸೆ. ಶಹಾಬಾದ್ ಕಡೆ ಅಂಥ ಯಂತ್ರದ ಮೇಲೆ ಸೀರೆ ಒಣಗುವುದನ್ನು ನಾನು ಕಂಡಿದ್ದೆ. ನನ್ನ ಮಾತು ಬೇರೆ: ಶಾಲೆಯ ಗೇಟಿನಲ್ಲಿ ಕುರುಕಲು ಪಾಕೀಟು ಮಾರುವುದು ನಿಲ್ಲಬೇಕು, ದಿನಕ್ಕೊಂದು ಆಟದ ಪಿರಿಯಡ್ ಬೇಕು. "ಮೊದಲು ಮಾಡಿ ತೋರಿಸ್ರಿ," ಎಂದರು ಅಧ್ಯಕ್ಷರು.

ಸುಲೇಪೇಟ ಹತ್ತಿರದ ಒಂದು ಶಾಲೆಯಲ್ಲಿ ವರ್ಷವಿಡೀ ಮಾಡಿ ನೋಡಿದೆವು. ಶುರುವಿನಲ್ಲಿ ಕಲಬುರಗಿಯಿಂದ ಬಂದ ತಂಡ ಮಕ್ಕಳನ್ನು ತೂಗಿತ್ತು. ಕೊನೆಯಲ್ಲಿ ಊರಿನದೇ ಆರೋಗ್ಯ ಕಾರ್ಯಕರ್ತೆ ತೂಗಿದಳು. ಮಕ್ಕಳು ಎತ್ತರ ಬೆಳೆದಿದ್ದರು, ದಪ್ಪಗಿದ್ದವರ ತೂಕ ಇಳಿದಿತ್ತು. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಂಕಿ ಒಪ್ಪಿಸಬೇಕಿದ್ದ ಸಮಿತಿಯ ಸಭೆಗೆ ಎರಡು ದಿನ ಮೊದಲು ಅವಳನ್ನು ಹೊಗಳಲೆಂದೇ ಆ ಊರಿಗೆ ಹೋದೆ. ಅವಳು ಹಿಗ್ಗಿ ಹೇಳಿದಳು: "ಒಬ್ಬ ತಾಯಿನೂ ತಕರಾರು ಮಾಡಿಲ್ರಿ ಅಕ್ಕೋರೆ. ಮೈತುಂಬಿದ ಕೂಸಿನ ತೂಕ ಎಲ್ಲರ ಮುಂದ ಖರೇ ಒದರಿದ್ರ ದೃಷ್ಟಿ ಆಗ್ತದಲ್ರಿ? ಅದಕ ಎರಡು ಕಿಲೊ ಕಮ್ಮಿ ಹೇಳಿ, ಅಷ್ಟೇ ಬರದೀನಿ."

"ಬುದ್ಧಿ ಅದನೋ ಇಲ್ಲೋ ನಿನಗ?" ಎಂದು ಕಿರುಚಿದೆ.

ಅವಳ ಕಣ್ಣು ತುಂಬಿತು. "ನಿಮ್ದೂ ಹಂಗೇ ಬರಿತೀನಲ್ರಿ?"

ನಿಜ. ಪ್ರತಿ ವರ್ಷ ನಮ್ಮ ಸಿಬ್ಬಂದಿಯ ತಪಾಸಣೆಗೆ ತೂಕ ಬರೆಯಲು ಬರುವವಳು ಅವಳೇ; ತಕ್ಕಡಿ ಹತ್ತಿ, "ಸ್ವಲ್ಪ ನೋಡಿ ಬರಿಯವ್ವ" ಎನ್ನುತ್ತಿದ್ದವಳು ನಾನೇ. ಭಾಳ ನಾಚಿಕೆಯಾಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಮನಸ್ಸು ಒಂದೇ ಸಮನೆ ಜಗ್ಗಾಡಿತು. ನನ್ನ ದಾರಿಯೇ ಸರಿ ಎಂದು ಆಗಲೂ ನಂಬಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಅದು ಎಲ್ಲ ಶಾಲೆಗಳಲ್ಲೂ ಜಾರಿಗೆ ಬರುತ್ತಿತ್ತು. ಆದರೆ ಅದರಿಂದ ಮಕ್ಕಳಿಗೆ ಉಪಯೋಗವಾಗದಿದ್ದರೆ? ಮಕ್ಕಳ ವರ್ಷಗಳನ್ನು ಯಾರು ತಿರುಗಿ ಕೊಡುತ್ತಾರೆ?

ಸಭೆಯಲ್ಲಿ ಎದ್ದು ನಿಂತು, ಅಂಕಿಗಳು ಸುಳ್ಳೆಂದು ಹೇಳಿದೆ.

"ಹಂಗಾದ್ರ ಮಶಿನ್ನೇ ಹಾಕ್ಸೋಣೇನ್ರಿ?" ಎಂದರು ಅಧ್ಯಕ್ಷರು, ಮೀಸೆಯಲ್ಲೇ ನಗುತ್ತ.

"ಅದಕ್ಕೂ ಪುರಾವೆ ಇಲ್ರಿ ಸಾಹೇಬ್ರ. ಮತ್ತೊಮ್ಮೆ ತೂಗ್ತೀವಿ. ಅಲ್ಲೀತನಕ ಎರಡೂ ಬ್ಯಾಡ್ರಿ."

ಅವರಿಗೆ ಸಿಟ್ಟು ಬಂತು. ಆದರೂ ಒಂದು ವಾರ ಕೊಟ್ಟರು.

ಈ ಸಲ ಶಾಲೆಯ ಕೋಣೆಯಲ್ಲಿ ಪರದೆ ಕಟ್ಟಿಸಿದೆ. ಒಳಗೆ ಒಂದೊಂದೇ ಮಗು, ತೂಕ ಬಾಯಿಬಿಟ್ಟು ಹೇಳುವಂತಿಲ್ಲ, ಚೀಟಿಯಲ್ಲಿ ಬರೆಯುವುದಷ್ಟೇ. ಆದರೂ ತಾಯಂದಿರು ಮಕ್ಕಳ ಕೈ ಬಿಡದೆ ಬಾಗಿಲಲ್ಲೇ ನಿಂತರು. ಪರದೆ ಸರಿಸಿ, ಅವರೆಲ್ಲ ನೋಡುತ್ತಿರುವಾಗಲೇ, ನಾನು ತಕ್ಕಡಿ ಹತ್ತಿದೆ. ಕಾರ್ಯಕರ್ತೆ ಮುಳ್ಳು ನೋಡಿದಳು, ನನ್ನ ಮುಖ ನೋಡಿದಳು.

"ಎಷ್ಟ್ ಬರಿಲ್ರಿ ಅಕ್ಕೋರೆ?"

"ಇದ್ದಷ್ಟು ಬರಿ. ನಂದು ಜೋರಾಗೇ ಒದರು."

ಅವಳು ಒದರಿದಳು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಕ್ಕು ಮುಗಿಸಿದ ಮೇಲೆ ಒಬ್ಬಳು ಮಗಳ ಕೈ ಬಿಟ್ಟಳು.